ಗಂಜಿಶಾಲೆಯ ಅಡಿಗಲ್ಲು

ಮಾರಿಕಣಿವೆಯ ಕಟ್ಟೆ ಎದ್ದು ವೇದಾವತಿಯ ನೀರು ಹಿಂದಕ್ಕೆ ಹರಡಿಕೊಂಡ ವರ್ಷ, ಮುಳುಗಿದ ಊರೊಂದರಿಂದ ಹದಿನಾಲ್ಕು ಕುರುಬರ ಕುಟುಂಬಗಳು ಹೊಸದುರ್ಗಕ್ಕೆ ಬಂದು ಪಂಚಾಕ್ಷರಪ್ಪ ಸಾಹುಕಾರರ ಮಂಟಪದಲ್ಲಿ ಇಳಿದವು. ಸಾಹುಕಾರರಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ದಿನದಿಂದ ದಾನ ಮಾಡಲು ಅವರ ಕೈ ತುರಿಸುತ್ತಿತ್ತು, ತಕ್ಕ ದರಿದ್ರರು ಸಿಕ್ಕಿರಲಿಲ್ಲ. ಊರಲ್ಲಿ ಬಡವರಿರಲಿಲ್ಲವೆಂದಲ್ಲ. ಅವರೆಲ್ಲ ಸಾಹುಕಾರರ ಹೊಲದಲ್ಲೇ ದುಡಿಯುವವರು. ಅವರಿಗೆ ದಾನ ಕೊಟ್ಟರೆ ನಾಳೆ ಕೂಲಿಯನ್ನೂ ಹೆಚ್ಚು ಕೇಳುತ್ತಾರೆ.

ಮೂರನೆಯ ದಿನಕ್ಕೆ ನಿರಾಶ್ರಿತರ ಸಹಾಯ ಸಂಘ ಹುಟ್ಟಿತು. ಅಧ್ಯಕ್ಷರು ಸಾಹುಕಾರರು. ಅಕ್ಷರ ಮುತ್ತಿನಂತಿದೆ ಎಂಬ ಒಂದೇ ತಪ್ಪಿಗೆ, ಶಾಲೆಯ ಮೇಷ್ಟ್ರಾದ ನಾನು ಕಾರ್ಯದರ್ಶಿ. ದಿನಾ ಮಧ್ಯಾಹ್ನ ಮಂಟಪದ ಮುಂದೆ ರಾಗಿ ಗಂಜಿ. ಸಾಲಾಗಿ ನಿಲ್ಲಬೇಕು, ತಲೆ ತಗ್ಗಿಸಬೇಕು, ಗಂಜಿ ಹೊಯ್ಯುವಾಗ ಕೈ ಮುಗಿಯಬೇಕು. ಎರಡೂ ಕೈಯಲ್ಲಿ ಮಡಕೆ ಹಿಡಿದವರು ಕೈ ಮುಗಿಯುವುದು ಹೇಗೆಂದು ಸಂಘದ ಮೊದಲ ಸಭೆ ಒಂದು ಗಂಟೆ ಚರ್ಚಿಸಿತು.

ಆ ಸಾಲಿನಲ್ಲಿ ದುರುಗಕ್ಕ ಎಂಬ ವಿಧವೆ ಇದ್ದಳು. ಅವಳು ನೂಲುವವಳು, ಮಗ ಸಣ್ಣತಿಮ್ಮಪ್ಪ ನೇಯುವವನು. ಒಂದು ದಿನ ಮಡಕೆಯನ್ನು ಪಕ್ಕಕ್ಕಿಟ್ಟು ಬಾಯಿ ಬಿಟ್ಟಳು.

"ಸಾವ್ಕಾರ್ರೆ, ಗಂಜಿ ಸಾಕು. ಮಂಟಪದ ಹಿಂದ್ಲ ಬಯಲು ಸುಮ್ನೆ ಬಿದ್ದೈತೆ. ಅದನ್ನ ನಮಗೆ ಬಿಟ್ಕೊಡ್ರಿ. ಒಂದಿಷ್ಟು ಉಣ್ಣೆ ಕೊಡ್ಸಿದ್ರೆ ಕಂಬಳಿ ನೇಯ್ತೀವಿ. ಅರ್ಧ ಉಣ್ಣೆ ಕೊಟ್ಟೋರಿಗೆ, ಅರ್ಧ ನಮಗೆ."

ಕಂಬಳಿಗೆ ಮಗ್ಗಕ್ಕಿಂತ ಮೊದಲು ಬಯಲು ಬೇಕು. ನೂಲನ್ನು ಗೂಟದಿಂದ ಗೂಟಕ್ಕೆ ಉದ್ದಕ್ಕೆ ಎಳೆದು ಹಾಸು ಕಟ್ಟಿ, ಹುಣಸೆಬೀಜ ಬೇಯಿಸಿದ ಅಂಟು ಬಳಿದು ಬಿಸಿಲಿಗೆ ಒಣಗಿಸಬೇಕು. ಮಂಟಪದ ಕಂಬಗಳ ಸಂದಿಯಲ್ಲಿ ಆಗುವ ಕೆಲಸವಲ್ಲ.

"ನೋಡಮ್ಮ, ನೀವು ನೊಂದ ಜನ. ದುಡೀಬ್ಯಾಡ್ರಿ. ನಾನಿಲ್ವಾ?" ಎಂದರು ಸಾಹುಕಾರರು. ಅವರ ಕಣ್ಣಲ್ಲಿ ನೀರೂ ಬಂತು. ದಾನಿಗಳು ಕಣ್ಣೀರು ಹಾಕಿದರೆ ನನಗೆ ಭಯವಾಗುತ್ತದೆ.

ಅದೃಷ್ಟಕ್ಕೆ ಅವರು ಮಠದ ಕೆಲಸದ ಮೇಲೆ ಒಂದು ತಿಂಗಳು ಚಿತ್ರದುರ್ಗಕ್ಕೆ ಹೋದರು. ಮನೆಯಲ್ಲಿ ಉಳಿದವರು ಅವರ ಅಕ್ಕ ಮಹಾದೇವಮ್ಮ. ಕುರಿಹಿಂಡು ಆಕೆಯದು.

"ಉಣ್ಣೆ ನಂದು, ತಗಂಡೋಗ್ರಿ. ಬಯಲು ನಮ್ಮ ಪಂಚಾಕ್ಷರಿದು. ಅವ್ನು ಬಂದ್ಮ್ಯಾಲೆ ಕುಣೀಲಿ ಬಿಡು," ಎಂದು ದುರುಗಕ್ಕನನ್ನು ಕಳುಹಿಸಿದರು.

ತಿಂಗಳಾದ ಮೇಲೆ ಸಾಹುಕಾರರು ಬಂದು ನೋಡುತ್ತಾರೆ, ಗಂಜಿ ಸಾಲಿನಲ್ಲಿ ಎರಡು ನಾಯಿ. ನನ್ನ ಹತ್ತಿರ ಓಡಿಬಂದರು.

"ನನ್ನ ಬಡವ್ರೆಲ್ಲಿ ಮೇಷ್ಟ್ರೆ?"

"ಹಿಂದ್ಲ ಬಯಲಾಗೆ ಕೆಲ್ಸ ಮಾಡ್ತಾ ಅವ್ರೆ."

"ಕೆಲ್ಸಾನಾ? ಸೋಮವಾರ ಅಮಲ್ದಾರ್ರು ಬರ್ತಾರೆ ಕಣ್ರಿ! ಗಂಜಿಶಾಲೆಗೆ ಅಡಿಗಲ್ಲು ಇಡ್ಸಾಕೆ ಕರೆದು ಬಂದೀನಿ. ಉಣ್ಣೋರೇ ಇಲ್ದಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಸ್ವಲ್ಪ ಯೋಚಿಸಿ ತಾವೇ ದಾರಿ ಕಂಡುಕೊಂಡರು. ಗಂಜಿಶಾಲೆಯನ್ನು ಆ ಬಯಲಿನಲ್ಲೇ ಕಟ್ಟುವುದು. ಬಯಲು ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಬಡವರು ತಾವಾಗಿ ಸಾಲಿಗೆ ಬರುತ್ತಾರೆ. ಸೋಮವಾರದೊಳಗೆ ಗೂಟ ಕೀಳಬೇಕೆಂದು ಹುಕುಂ ಆಯಿತು.

ಹೇಳಿಬರುವ ಕೆಲಸ ಕಾರ್ಯದರ್ಶಿಯದು. ದುರುಗಕ್ಕ ಕೇಳಿಸಿಕೊಂಡು ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟಳು.

"ಊರು ಮುಳುಗ್ದಾಗ ನಾನು ಅಳ್ಲಿಲ್ಲ ಮೇಷ್ಟ್ರೆ. ಕೈ ಐತೆ, ಎಲ್ಲಾದ್ರೂ ನೇಯ್ಕಂಡು ತಿಂತೀವಿ ಅನ್ಕಂಡಿದ್ದೆ," ಎಂದು ಅತ್ತಳು. ನನಗೆ ನನ್ನ ಮುತ್ತಿನಂಥ ಅಕ್ಷರದ ಮೇಲೆ ಹೇಸಿಗೆ ಬಂತು. ಕೊನೆಗೆ ಮೂಗು ಒರೆಸಿಕೊಂಡು ಒಂದೇ ಮಾತು ಕೇಳಿದಳು. "ಅಮಲ್ದಾರ್ರು ಬರಾದು ಎಷ್ಟೊತ್ತಿಗೆ?"

ಸೋಮವಾರ ಅಮಲ್ದಾರರು ಬರುವ ಹೊತ್ತಿಗೆ ಬಯಲಿನ ಈ ಕಡೆಯ ಮುಳ್ಳುಬೇಲಿಯಿಂದ ಆ ಕಡೆಯ ಮುಳ್ಳುಬೇಲಿಯವರೆಗೆ ಹಾಸು ಎಳೆದಿತ್ತು, ಹಸಿ ಅಂಟು ಹೊಳೆಯುತ್ತಿತ್ತು. ಅರಿಶಿನ ಕುಂಕುಮ ಹಚ್ಚಿಸಿಕೊಂಡ ಅಡಿಗಲ್ಲು ಆಚೆ ಬದಿಗೆ, ನಾವೆಲ್ಲ ಈಚೆ ಬದಿಗೆ.

"ಕಿತ್ತಾಕ್ರಲೇ ಅದನ್ನ!" ಸಾಹುಕಾರರು ಹಲ್ಲು ಕಡಿದರು.

"ಹಸಿ ಹಾಸು ಎತ್ತಿದ್ರೆ ನೂಲೆಲ್ಲ ಅಂಟ್ಕಂಡು ಹಾಳಾಗ್ತೈತೆ. ಹಾಸು ದಾಟಾಂಗೂ ಇಲ್ಲ, ನಮ್ಮ ಕುಲದಾಗೆ ಅದು ದೇವ್ರಿದ್ದಂಗೆ," ಎಂದ ದುರುಗಕ್ಕ, ಹೊಸ ಕಂಬಳಿಯೊಂದನ್ನು ಬೇವಿನ ನೆರಳಲ್ಲಿ ಹಾಸಿದಳು. "ಒಣಗಾಗಂಟ ಇಲ್ಲಿ ಕುಂತ್ಕಳ್ರಿ ಸ್ವಾಮಿ."

ಕುದುರೆ ಸವಾರಿಯಿಂದ ಸೊಂಟ ಹಿಡಿದಿದ್ದ ಅಮಲ್ದಾರರು ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಕೂತು, ಕಂಬಳಿಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಇದನ್ನು ನೇಯ್ದವರು ಯಾರು?"

"ನಾವೇ ಸ್ವಾಮಿ, ಮುಳುಗಡೆಯೋರು."

"ಭೇಷ್! ನಾನು ಹೋದಲ್ಲೆಲ್ಲ ಗಂಜಿ ಸಾಲು ತೋರಿಸಿ ತೋರಿಸಿ ಜೀವ ತಿಂದಿದ್ದಾರೆ. ಇಲ್ಲಿ ಜನ ದುಡಿಯುತ್ತಿದ್ದಾರೆ! ಈ ಜಾಗ ಕೊಟ್ಟ ಪುಣ್ಯಾತ್ಮ ಯಾರು?"

ಸಾಹುಕಾರರು ಒಂದು ಗಳಿಗೆ ಕಲ್ಲಿನ ಕಡೆ ನೋಡಿದರು, ಇನ್ನೊಂದು ಗಳಿಗೆ ಅಮಲ್ದಾರರ ಕಡೆ. ಆಮೇಲೆ ಎದೆ ಮುಂದೆ ಬಂತು.

"ನಾನೇ ಸ್ವಾಮಿ! ಗಂಜಿ ಹಾಕಿ ಜನಾನ ಸೋಮಾರಿ ಮಾಡಬಾರ್ದು ಅಂತ ಮೊದ್ಲಿಂದ ಬಡ್ಕೊಂತಾ ಇದ್ದೀನಿ. ಬೇಕಿದ್ರೆ ಮೇಷ್ಟ್ರನ್ನ ಕೇಳ್ರಿ."

ಇಂಥ ಸುಳ್ಳನ್ನು ಕೈಬಿಡುವ ಮೂರ್ಖ ನಾನಲ್ಲ. ಸಂಘದ ಪುಸ್ತಕ ಬಿಚ್ಚಿ, ಎಲ್ಲರಿಗೂ ಕೇಳುವಂತೆ, "ಎಷ್ಟು ದಿನಕ್ಕೆ ಕೊಟ್ಟಿದ್ದೀರಿ ಅಂತ ಬರೀಲಿ ಸಾವ್ಕಾರ್ರೆ?" ಎಂದೆ.

ಅವರು ನನ್ನನ್ನು ನುಂಗುವಂತೆ ನೋಡಿದರು. ಅಮಲ್ದಾರರೂ ಅವರನ್ನೇ ನೋಡುತ್ತಿದ್ದರು.

"ಅವ್ರು... ನೇಯಾಗಂಟ," ಎಂದರು ಸಾಹುಕಾರರು.

ಬರೆದೆ. ಸಾಹುಕಾರರ ಸಹಿ ಬಿತ್ತು, ಸಾಕ್ಷಿಗೆ ಅಮಲ್ದಾರರದು. ದುರುಗಕ್ಕ ಎಲ್ಲರನ್ನೂ ಕರೆದು ನನ್ನ ಕೈಯಲ್ಲಿ ಎರಡು ಸಲ ಓದಿಸಿದಳು. ಸಾಹುಕಾರರು ಅದನ್ನು ಕೇಳಲಾರದೆ ಹಾಸು ದಾಟಿ ಆಚೆ ಹೋಗಲು ಕಾಲೆತ್ತಿದರು.

"ಅಲ್ಲೇ ನಿಂತ್ಕಳ್ರಿ ಸಾವ್ಕಾರ್ರೆ, ದಾಟಬ್ಯಾಡ್ರಿ," ಎಂದಳು ದುರುಗಕ್ಕ. "ಒಣಗಿದ್ಮ್ಯಾಲೆ ಹೇಳ್ತೀನಿ."

ಎತ್ತಿದ ಕಾಲನ್ನು ಕೆಳಗಿಟ್ಟು, ಸಾಹುಕಾರರು ತಮ್ಮದೇ ಬಯಲಿನಲ್ಲಿ ಅವಳ ಅಪ್ಪಣೆಗೆ ಕಾದು ನಿಂತರು.