ರುದ್ರಪ್ಪನ ಅರ

ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಕೃತಿಕಾ ಸೆರಗಿಗೊಂದು ಪಿನ್ನು ಹುಡುಕುತ್ತ ಗಂಡ ಯೋಗೇಶನ ಮೇಜಿನ ಡ್ರಾಯರ್ ಎಳೆದಳು. ಪಿನ್ನುಗಳೆಲ್ಲ ಕತ್ತಿ ಮಸೆಯುವ ಉಕ್ಕಿನ ಅರವೊಂದಕ್ಕೆ ಅಂಟಿಕೊಂಡಿದ್ದವು. ಪಕ್ಕದಲ್ಲಿ ತಾಮ್ರದ ತಂತಿಯ ಸುರುಳಿ, ಬೈಕಿನ ಹಳೇ ಬ್ಯಾಟರಿ.

ಹಾಗಾದರೆ ಯೋಗೇಶ ಒಬ್ಬನೇ ಅದನ್ನು ಅಯಸ್ಕಾಂತ ಮಾಡಿಯೇ ಬಿಟ್ಟಿದ್ದ.

ಹೋದ ವರ್ಷ ಕಾಫಿ ಹಣ್ಣಿನ ಜೊತೆ ಬಂದ ಮೊಳೆಯೊಂದು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತಗಡು ಹರಿದಿತ್ತು. ಯಂತ್ರದ ಬಾಯಿಗೊಂದು ಅಯಸ್ಕಾಂತ ಕಟ್ಟಬೇಕೆಂದು ಅವನ ಹಟ. ಭೌತಶಾಸ್ತ್ರ ಓದಿದವಳು ಇವಳು. "ಬರೀ ಕಬ್ಬಿಣ ಆದ್ರೆ ಕರೆಂಟ್ ತೆಗೆದ ಕೂಡ್ಲೇ ಬಿಟ್ಬಿಡತ್ತೆ, ಉಕ್ಕು ಬೇಕು, ಅದು ಬಿಡಲ್ಲ," ಎಂದಿದ್ದಳು. "ನನ್ನ ಹಾಗೆ ಅನ್ನು ಮಾರಾಯ್ತಿ," ಎಂದು ನಕ್ಕು ಗೋಣಿಬೀಡಿನಲ್ಲಿ ಕತ್ತಿ ಮಸೆಯುವ ರುದ್ರಪ್ಪನ ಅರ ಕೇಳಿ ತಂದಿದ್ದ. ಭಾನುವಾರ ಇಬ್ಬರೂ ಕೂತು ಮಾಡೋಣ ಎಂದಿದ್ದಳು. ಶನಿವಾರ ಬಾಳೂರಿನ ತಿರುವಿನಲ್ಲಿ ಅವನಿದ್ದ ಜೀಪು ಉರುಳಿತು.

"ಅದು ರುದ್ರಪ್ಪಂದಲ್ವಾ? ಕೊಟ್ಟು ಬಾರವ್ವ," ಎಂದರು ಅತ್ತೆ ನಂಜಮ್ಮ ಬಾಗಿಲಲ್ಲಿ ನಿಂತು. "ಹೋದೋರು ಇಸ್ಕಂಡಿದ್ದು ಮನೇಲಿ ಉಳೀಬಾರ್ದು."

"ಹೊಸದೊಂದು ತಂದುಕೊಟ್ರೆ ಆಗಲ್ವಾ ಅತ್ತೆ?"

"ಇಸ್ಕಂಡಿದ್ದನ್ನೇ ಕೊಡ್ಬೇಕು."

ಹೀಗೆಯೇ ಕೊಡುವಂತಿರಲಿಲ್ಲ. ಅಯಸ್ಕಾಂತವಾದ ಅರದ ಹಲ್ಲಿನಲ್ಲಿ ಉಕ್ಕಿನ ಪುಡಿ ಕಚ್ಚಿಕೊಳ್ಳುತ್ತದೆ. ಆ ಸೆಳೆತ ಬಿಡಿಸುವ ದಾರಿ ಅವಳಿಗೆ ಗೊತ್ತಿತ್ತು: ಮನೆಯ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಇಳಿಸಿ, ಅದೇ ಸುರುಳಿಗೆ ಕೊಟ್ಟು, ಒಳಗಿಟ್ಟ ಅರವನ್ನು ನಿಧಾನವಾಗಿ ಹೊರಗೆಳೆದರಾಯಿತು. ತಂತಿ ಜೋಡಿಸಿದಳು. ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿ ಸುಟ್ಟ ವಾಸನೆ ಬರುವವರೆಗೂ ಹಾಗೇ ನಿಂತಿದ್ದಳು. ಆಮೇಲೆ ಸ್ವಿಚ್ಚು ಒತ್ತದೆಯೇ ಬೆರಳು ತೆಗೆದು, ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಅರವನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ರುದ್ರಪ್ಪ ಕಾಫಿ ಗಿಡ ಸವರುವ ಕತ್ತಿಗಳನ್ನು ಹರಡಿಕೊಂಡು ಕೂತಿದ್ದ. ಅರ ಇಸಿದುಕೊಂಡು ಒಂದು ಕತ್ತಿಗೆ ನಾಲ್ಕು ಸಲ ಎಳೆದ. ಗೋಣಿತುಂಡಿನಿಂದ ಅರ ಒರೆಸಿದ. ಮತ್ತೆ ಒರೆಸಿದ.

"ಇದೇನವ್ವ, ಪುಡಿ ಉದುರ್ತಾನೇ ಇಲ್ಲ."

"ಅವ್ರು ಅಯಸ್ಕಾಂತ ಮಾಡಿದ್ರು."

"ಮಾಡ್ತೀನಿ ಅಂದಿದ್ರು. ನಾನು ತಮಾಷೆ ಅಂದ್ಕಂಡಿದ್ದೆ." ಅವನು ಅರದ ಹಲ್ಲಿಗೆ ಕಚ್ಚಿದ ಪುಡಿಯನ್ನು ಉಗುರಿನಿಂದ ಕೆರೆದ. "ಕೆಲಸಕ್ಕೆ ಆಗಲ್ವಲ್ಲ ಹಿಂಗಾದ್ರೆ. ನೀವು ಓದಿದೋರು, ಬಿಡಿಸೋಕೆ ಬರತ್ತೇನೋ. ಒಯ್ದು ಸರಿ ಮಾಡಿ ಕೊಡಿ, ಅವಸರ ಇಲ್ಲ."

ಅರ ಮತ್ತೆ ಅವಳ ಕೈಗೆ ಬಂತು.

"ಅದು ಬಿಡಲ್ಲ ರುದ್ರಪ್ಪಣ್ಣ," ಎಂದು ಕೃತಿಕಾ ಅದನ್ನು ಅವನ ಹಲಗೆಯ ಮೇಲಿಟ್ಟಳು. ಅಲ್ಲಿದ್ದ ಸಣ್ಣ ಮೊಳೆಯೊಂದು ಹೊರಳಿ ಬಂದು ಅಂಟಿಕೊಂಡಿತು.