ಅಬ್ಬಾ ಕುಡಿದ ಕಕ್ಕೆ ಕಷಾಯ

ನಮ್ಮ ಅಬ್ಬಾ ದಾವಲಸಾಬರಿಗೆ ಸಿಟ್ಟು ಸಲೀಸಾಗಿ ಬರುತ್ತಿತ್ತು, ಹೊಟ್ಟೆಯ ಕೆಲಸ ಮಾತ್ರ ಸಲೀಸಾಗಿ ಆಗುತ್ತಿರಲಿಲ್ಲ. ವಿಜಾಪುರದ ಜೋರಾಪುರ ಪೇಟೆಯಿಂದ ನನ್ನನ್ನು ನೋಡಲು ಬರುವವರಿದ್ದಾಗಲೇ ಅದು ಪೂರ್ತಿ ಹಟ ಹಿಡಿದು ಕೂತಿತು.

ಬಬಲೇಶ್ವರದ ಸಂತೆಯಲ್ಲಿ ಗಿಡಮೂಲಿಕೆ ಮಾರುವ ಪರಸವ್ವ ಹೊಟ್ಟೆ ಸಡಿಲಿಸುವ ಕಕ್ಕೆ ಗಿಡದ ಒಣ ಕಾಯಿ ಕೊಟ್ಟು, "ಒಂದ ಚೂರು ಕುದಿಸಿ ರಾತ್ರಿ ಕುಡೀರಿ ಸಾಹೇಬ್ರ. ಅವಸರ ಮಾಡಬ್ಯಾಡ್ರಿ," ಎಂದಿದ್ದಳು. ಅವಸರ ಬೇಡ ಎಂದರೆ ನಮ್ಮ ಅಬ್ಬಾನಿಗೆ ಅವಸರ ಇನ್ನೂ ಹೆಚ್ಚುತ್ತದೆ. ಬೀಗರು ಬರುವ ದಿನ ಬೆಳಗಾದರೂ ಏನೂ ಆಗದಿದ್ದಾಗ ಉಳಿದ ಕಾಯಿಯನ್ನೆಲ್ಲ ಕುದಿಸಿ ಗಟಗಟ ಕುಡಿದುಬಿಟ್ಟರು. ಅವರ ಚಿಂತೆಯೂ ಸುಳ್ಳಲ್ಲ. ನಮ್ಮಲ್ಲಿ ಮನೆಯ ಯಜಮಾನ ಮೊದಲ ತುತ್ತು ಎತ್ತಬೇಕು, ಬೀಗರ ಜೊತೆ ಸರಿಸಮ ಉಣ್ಣಬೇಕು, ಅವರು ಕೈ ತೊಳೆಯುವವರೆಗೆ ಊಟಕ್ಕೆ ಹಾಸಿದ ದಸ್ತರಖಾನದಿಂದ ಏಳಬಾರದು. ಎದ್ದರೆ ಸಂಬಂಧ ಬೇಡ ಎಂದಂತೆ.

ನನಗಂತೂ ಈ ಸಂಬಂಧ ಬೇಕಾಗಿತ್ತು. ಮಾಮುವಿನ ಮಗಳ ಮದುವೆಯಲ್ಲಿ ಈ ಹುಡುಗ ಇಸಾಕನನ್ನು ನೋಡಿದಾಗಿನಿಂದ ನನ್ನ ಮನಸ್ಸು ನಮ್ಮೂರು ತಿಕೋಟಾದಲ್ಲಿ ಇರಲೇ ಇಲ್ಲ.

ಬೀಗರು ಬಂದು ಊಟಕ್ಕೆ ಕೂತರು. ಎರಡನೇ ತುತ್ತಿಗೇ ಅಬ್ಬಾನ ಮುಖ ಬಿಳಿಚಿತು. ನಾನು ಪರದೆಯ ಹಿಂದಿನಿಂದ ಇಣುಕಿ ನೋಡುತ್ತಿದ್ದೆ. ಅವರು ಒಮ್ಮೆ ಎಡಕ್ಕೆ ವಾಲಿದರು, ಒಮ್ಮೆ ಬಲಕ್ಕೆ. ಹಣೆಯ ಮೇಲೆ ಬೆವರು. ಇಸಾಕನ ತಂದೆ ಅಬ್ದುಲಗನಿ ಮಾತ್ರ ಎಲುಬು ಚೀಪುತ್ತ ನಮ್ಮ ತೋಟದ ದ್ರಾಕ್ಷಿಯ ಧಾರಣೆ ವಿಚಾರಿಸುತ್ತಿದ್ದರು. ಆ ಎಲುಬು ಮುಗಿಯುವಂತೆ ಕಾಣಲಿಲ್ಲ.

ಅಷ್ಟರಲ್ಲಿ ಇಸಾಕ ಅಬ್ಬಾನ ಮುಖವನ್ನೊಮ್ಮೆ ನೋಡಿ, ಕೈಯಲ್ಲಿದ್ದ ತುತ್ತು ಬಿಟ್ಟು ಎದ್ದು ನಿಂತ.

"ಚಾಚಾ, ನಿಮ್ಮ ದ್ರಾಕ್ಷಿ ಪಡಾ ನೋಡಬೇಕ್ರಿ. ಈಗ ತೋರಸ್ರಿ."

"ಕುಂದರಲೇ! ಉಣ್ಣಾಕತ್ತಾರ, ಕಾಣಂಗಿಲ್ಲೇನ?" ಅಬ್ದುಲಗನಿ ಗದರಿದರು.

"ಆಮ್ಯಾಲ ಬಿಸಲ ಏರತೈತ್ರಿ," ಎಂದವನೇ, ಕೈ ತೊಳೆಯಲು ಇಟ್ಟಿದ್ದ ನೀರಿನ ಚರಿಗಿಯನ್ನೂ ಎತ್ತಿಕೊಂಡ.

ಅತಿಥಿ ಕೇಳಿದ ಮೇಲೆ ಯಜಮಾನ ಏಳಲೇಬೇಕಲ್ಲ! ಅಬ್ಬಾ ಎದ್ದರು. ಬಾಗಿಲವರೆಗೆ ಗಂಭೀರವಾಗಿ ನಡೆದರು. ನಾನು ಕಿಟಕಿಗೆ ಓಡಿ ನೋಡಿದೆ. ಅಂಗಳ ದಾಟಿದ ಮೇಲೆ ಅಬ್ಬಾ ಇಸಾಕನ ಕೈಯಿಂದ ಚರಿಗಿ ಕಿತ್ತುಕೊಂಡು, ದ್ರಾಕ್ಷಿ ಬಳ್ಳಿಗಳನ್ನು ಕಣ್ಣೆತ್ತಿಯೂ ನೋಡದೆ ಜೋಳದ ಬೆಳೆಯೊಳಗೆ ಮಾಯವಾದರು. ಇಸಾಕ ಬದುವಿನ ಮೇಲೆ ಬೆನ್ನು ಮಾಡಿ ನಿಂತು ದಾರಿ ಕಾದ.

ತಿರುಗಿ ಬಂದಾಗ ಅಬ್ಬಾನ ಮುಖದಲ್ಲಿ ಬೆಳದಿಂಗಳು. ಬೈಗುಳ ತಿಂದವನು ಇಸಾಕ. "ನಿನಗ ರೀತಿ ಇಲ್ಲ, ಅದಬು ಇಲ್ಲ. ನಮ್ಮ ಮರ್ಯಾದಿ ಕಳದಿ," ಎಂದು ಅಬ್ದುಲಗನಿ ಎಲ್ಲರೆದುರು ಉಗಿದರು. ಅವನು ತಲೆ ತಗ್ಗಿಸಿ, "ತಪ್ಪಾತ್ರಿ," ಎಂದನೇ ಹೊರತು ಜೋಳದ ಮಾತು ಎತ್ತಲಿಲ್ಲ. ಅಬ್ಬಾ ಬಾಯಿ ತೆರೆಯಲು ಹೋದರೆ ಕಣ್ಣಿನಲ್ಲೇ ಬೇಡವೆಂದ.

ನಮ್ಮ ಅಮ್ಮಿ ಮುಮತಾಜ ಏನೂ ಕಂಡಿರಲಿಲ್ಲ. ಪರದೆಯ ಹಿಂದೆ ನನ್ನ ಕಿವಿಯಲ್ಲಿ, "ಊಟದಾಗ ಎದ್ದು ಹೋಗಾವ ನಾಳೆ ಸಂಸಾರದಾಗ ಎದ್ದು ಹೋಗಂಗಿಲ್ಲೇನ? ಬ್ಯಾಡ ಅಂದಬಿಡೋಣ, ನಜಮಾ," ಎಂದಳು.

ಹೆಣ್ಣುಮಗಳು ಪರದೆಯ ಹಿಂದೆ ಮೆಲ್ಲಗೆ ಮಾತಾಡಬೇಕು ಎನ್ನುವುದು ನನಗೂ ಗೊತ್ತಿತ್ತು.

"ಇವನಽ ಬೇಕು!" ಎಂದು ಹೊರಗಿನವರಿಗೆಲ್ಲ ಕೇಳುವಂತೆ ಕೂಗಿಬಿಟ್ಟೆ.