ಸರಿದು ಕೂತವರ ಬೆಂಚು

ಮಾಘದ ಚಳಿಯಲ್ಲಿ, ಹಾಲಿನವನು ಬಂದು ಹೋಗುವ ಹೊತ್ತಿಗೆ ಬಡಿಗೇರ ಮೌನೇಶಪ್ಪ ನನ್ನ ನಾಲ್ಕನೆಯ ಕಾಲು ಜೋಡಿಸಿದ. ನಾನೊಂದು ಬೇವಿನ ಬೆಂಚು. ಐದು ಜನ ಕೂರಬಹುದು. ಒತ್ತಿ ಕೂತರೆ ಆರು. ಅಕ್ಷರ ನನಗೆ ಬಾರದು. ಬೆನ್ನಿಗೆ ಬರೆದದ್ದನ್ನು ಜನ ಓದಿದಾಗ ಕೇಳಿಸಿಕೊಂಡದ್ದಷ್ಟೇ.

ಮೊದಲು ನೀಲಿಯಲ್ಲಿ ಬರೆದದ್ದು ಹೊರದೇಶದ ಒಂದು ಸಂಸ್ಥೆಯ ಹೆಸರು. ಅವರ ನೆರವಿನಿಂದ ನಮ್ಮೂರಲ್ಲಿ ಎಚ್‌ಐವಿ ಇದ್ದವರಿಗೆ ಗುಳಿಗೆ ಕೊಡುವ ಒಂದು ಕೇಂದ್ರ ಆಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ಕಸ್ತೂರೆವ್ವ. ತಾನೂ ಅದೇ ಗುಳಿಗೆ ನುಂಗುವವಳು. ಅಲ್ಲಿ ಯಾರ ಹೆಸರನ್ನೂ ಕೂಗುತ್ತಿರಲಿಲ್ಲ. ಬಂದವರು ನನ್ನ ಎಡತುದಿಗೆ ಕೂರಬೇಕು, ಬಲತುದಿಯವರು ಎದ್ದು ಒಳಗೆ ಹೋದಂತೆ ಸರಿಯಬೇಕು. “ಸರೀರಿ ಯವ್ವಾ, ಬೇರು ಬಿಟ್ಟೀರೇನು?” ಎಂದು ನಗಿಸುತ್ತಿದ್ದಳು. ಸರಿದು ಸರಿದು ನನ್ನ ಮೈ ನುಣುಪಾಯಿತು. ಗುಳಿಗೆಗೆ ಬಾರದವರ ಮನೆಗೆ ಬಳೆ ಮಾರುವ ನೆಪದಲ್ಲಿ ಅವಳೇ ಹೋಗುತ್ತಿದ್ದಳು.

ಕೆಂಪು ದಾರದಲ್ಲಿ ಹೊಲಿದ ಚಪ್ಪಲಿಯ ದುಂಡವ್ವನನ್ನು ಕರೆತಂದದ್ದೂ ಹಾಗೆಯೇ. ದುಂಡವ್ವ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗೊತ್ತಾದರೆ ತನ್ನ ಕೈಯ ಅನ್ನವನ್ನು ಯಾವ ತಾಯಿಯೂ ಮಗುವಿಗೆ ತಿನ್ನಗೊಡಲಾರಳೆಂಬ ಭಯ. ಮೊದಲ ದಿನ ನನ್ನ ಅಂಚಿನಲ್ಲಿ ಅರ್ಧ ಮಾತ್ರ ಕೂತಿದ್ದಳು. ವರ್ಷ ಕಳೆದ ಮೇಲೆ ಪೂರಾ ಭಾರ ಬಿಟ್ಟು ಕೂತಳು.

ಹನ್ನೊಂದನೆಯ ವರ್ಷ ಹೊರದೇಶದವರು ಬಂದು ಹಾರ ಹಾಕಿಸಿಕೊಂಡು, ಇನ್ನು ಇದೆಲ್ಲ ನಿಮ್ಮದೇ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಸಂಶಯ ಬಂತು. ನನ್ನನ್ನು ಗಾಡಿಗೆ ಹೇರುವಾಗ ಮೌನೇಶಪ್ಪನೂ ಹಾಗೇ ಅಂದಿದ್ದ. ನಿಮ್ಮದು ಅಂದವರು ತಿರುಗಿ ನೋಡಲು ಬರುವುದಿಲ್ಲ.

ಹಸ್ತಾಂತರದ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಕಪಾಟು ಇತ್ತು, ತೂಕದ ಯಂತ್ರ ಇತ್ತು, ನಾನಿದ್ದೆ. ಕಸ್ತೂರೆವ್ವ ಇರಲಿಲ್ಲ.

ನೀಲಿಯ ಮೇಲೆ ಹಸಿರು ಬಳಿದು ಸರಕಾರದ ಹೆಸರು ಬರೆದರು. ನನ್ನನ್ನು ಸರಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ, ಜ್ವರ ಕೆಮ್ಮಿನವರ ನಡುವೆ ಹಾಕಿದರು. ಗುಳಿಗೆ ಮಾತ್ರ ನಿಲ್ಲಲಿಲ್ಲ, ಸುಳ್ಳು ಹೇಳಬಾರದು. ಕೆಲಸ ಕಳೆದುಕೊಂಡು ಹೋಗುವ ಮುನ್ನ ಕಸ್ತೂರೆವ್ವ ಗುಳಿಗೆ ಕಿಟಕಿಯ ಕಂಪೌಂಡರನಿಗೆ, “ಹೆಸರ ಕೂಗಬ್ಯಾಡ್ರೀ ಅಣ್ಣಾರ. ಬೆಂಚಿನ ಮ್ಯಾಲೆ ಪಾಳಿ ಐತಿ” ಎಂದಳು.

“ನಮಗೂ ಕೆಲಸ ಗೊತ್ತೈತಿ ಬಿಡವ್ವ.”

ಅವನನ್ನು ಕೆಟ್ಟವನೆನ್ನಲಾರೆ. ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಹೋಗಬಾರದೆಂದು ರಜಿಸ್ಟರ್ ನೋಡಿಯೇ ಕೊಡುವವನು.

ಆ ಶ್ರಾವಣದಲ್ಲಿ ದುಂಡವ್ವ ಬಂದು ಎಡತುದಿಗೆ ಕೂತಳು. ಪಕ್ಕದಲ್ಲಿ ಅವಳ ಶಾಲೆಯ ಮಗುವೊಂದು ಜ್ವರದಿಂದ ತಾಯಿಯ ತೊಡೆಯ ಮೇಲೆ ಮಲಗಿತ್ತು. ಗುರುತು ಹಿಡಿದು ಅವಳ ಸೆರಗು ಎಳೆಯಿತು. ಅಷ್ಟರಲ್ಲಿ ಕಂಪೌಂಡರ್, ಎಚ್‌ಐವಿ ಗುಳಿಗೆಯವರು ಬರ್ರಿ ಎಂದು ಹೇಳಿ, ಅವಳ ಹೆಸರು, ಗಂಡನ ಹೆಸರು, ಊರು ಎಲ್ಲ ಕೂಗಿದ.

ತಾಯಿ ಮಗುವಿನ ಬೆರಳು ಬಿಡಿಸಿ, ನನ್ನ ಇನ್ನೊಂದು ತುದಿಗೆ ಸರಿದಳು. ಅಷ್ಟು ವರ್ಷ ಜನ ಸರಿಯುವುದನ್ನು ಕಂಡವನು ನಾನು. ಹೀಗೆ ಸರಿದದ್ದನ್ನು ಕಂಡಿರಲಿಲ್ಲ.

ಈಗ ಮೂರು ಕಾಲಲ್ಲಿ ಜನರೇಟರ್ ಶೆಡ್ಡಿನ ಹಿಂದೆ ಬಿದ್ದಿದ್ದೇನೆ. ಹಸಿರು ಉದುರಿ ಅಡಿಯ ನೀಲಿ ಕಾಣುತ್ತಿದೆ. ಯಾರಾದರೂ ಬಣ್ಣದ ಡಬ್ಬಿ ತಂದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮತ್ತೆ ಯಾರನ್ನು ಕಳಿಸಲು ಬಂದರೋ.

ದುಂಡವ್ವನ ಗುಳಿಗೆ ಡಬ್ಬಿ ಕಿಟಕಿಯಲ್ಲೇ ಉಳಿಯಿತು. ಬಳೆ ಗಂಟು ಹೊತ್ತು ಅವಳ ಮನೆಗೆ ಯಾರೂ ಹೊರಡಲಿಲ್ಲ. ಅವಳು ನನ್ನ ಮೇಲಿಂದ ಕೊನೆಯ ಸಲ ಎದ್ದು ಹೋದದ್ದು ನಾಗರ ಪಂಚಮಿಯ ಮರುದಿನ, ಮಂಗಳವಾರ.